ಅವನು ಎಳೆಯದ ಬೆಲ್ಲಿನ ಹಗ್ಗ

ಕಂಡಕ್ಟರ್ ಕೈ ಎತ್ತಿದ.

ಹರಿಣಾಕ್ಷಿ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಸೀಟಿನಲ್ಲೇ ಮುದುಡಿದಳು. ಕೈಯಲ್ಲಿದ್ದ ಮೊಬೈಲ್ ಠಪ್ಪೆಂದು ಕೆಳಗೆ ಬಿತ್ತು.

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೊರಟಿದ್ದ ಆ ಬಸ್ಸಿನಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ಅಯ್ಯೋ... ಹೊಡೆಯಲಿಕ್ಕಲ್ಲ ಮಾರಾಯ್ರೇ! ಬೆಲ್ಲಿನ ಹಗ್ಗ ಎಳೆಯಲಿಕ್ಕೆ!"

ಕಂಡಕ್ಟರ್ ಲತೇಶನ ಮುಖ ಬಿಳುಚಿಹೋಗಿತ್ತು. ಬಗ್ಗಿ ಮೊಬೈಲ್ ಹೆಕ್ಕಿದ. ಪರದೆಯ ಮೇಲೆ ಒಂದು ಸಾಲು ಹೊಳೆಯುತ್ತಿತ್ತು.

'ನೀವು ಈಗ ಸುರಕ್ಷಿತವಾಗಿದ್ದೀರಾ?'

ಅವನು ಓದಿಬಿಟ್ಟ! ಹರಿಣಾಕ್ಷಿ ಫೋನು ಕಸಿದುಕೊಂಡಳು.

ಕಲ್ಲಡ್ಕದ ಗಂಡನ ಮನೆ ಬಿಟ್ಟು ಅವಳು ತಾಯಿಯ ಮನೆ ಸೇರಿದ್ದಳು. ಗಂಡ ಧನರಾಜ್ ದುಬೈಯಲ್ಲಿ ದುಡಿದು ಬಂದವನು. ಸಾರಿಗೆ ಉಪ್ಪು ಕಡಿಮೆಯಾದರೂ ಹೊಡೆತ, ಹೆಚ್ಚಾದರೂ ಹೊಡೆತ. ಉಪ್ಪು ಬರೀ ನೆಪ. ಹೊಡೆಯುವ ಚಟ ಇದ್ದವನಿಗೆ ಕಾರಣ ಬೇಕಾಗುವುದಿಲ್ಲ.

ತಾಯಿ ನೀಲಾವತಿಯದು ಒಂದೇ ಮಾತು. "ಗಂಡಸರಿಗೆ ಕೋಪ ಬರ್ತದೆ ಮಗಾ. ನೀನು ತಾಳಿಕೊಂಡ್ರೆ ಆಯ್ತು."

ಹಾಗಾಗಿ ಅವಳಿಗೆ ಮನಸ್ಸು ಬಿಚ್ಚಲು ಇದ್ದ ಜಾಗ ಬಸ್ಸೊಂದೇ. ಮೂಡುಬಿದಿರೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಮನೆಯಲ್ಲಿ ಹೊಡೆತ ತಿಂದ ಹೆಂಗಸರಿಗೆಂದೇ ಇರುವ ಒಂದು ಆ್ಯಪಿನಲ್ಲಿ, ಆಪ್ತಸಮಾಲೋಚಕಿ ಪದ್ಮಾಕ್ಷಿ ಮೇಡಂಗೆ ಮೆಸೇಜು ಬರೆಯುತ್ತಿದ್ದಳು. ಮುಖವನ್ನೇ ನೋಡದ ಆ ಮೇಡಂ ಒಬ್ಬರೇ ಅವಳಿಗೆ 'ತಾಳಿಕೋ' ಎಂದಿರಲಿಲ್ಲ.

ಮರುದಿನ ಲತೇಶ್ ಹಗ್ಗ ಮುಟ್ಟಲಿಲ್ಲ. ಸ್ಟಾಪು ಸ್ಟಾಪಿಗೂ ಸೀಟಿ ಊದಿದ.

"ಏನು ಮಾರಾಯ, ಕಿವಿ ತೂತು ಮಾಡ್ತೀಯಾ? ಬೆಲ್ಲಿಗೆ ಏನಾಯ್ತು?" ಡ್ರೈವರ್ ನಿಝಾಮ್ ರೇಗಿದ.

"ಹಗ್ಗ ತುಂಡಾಗಿದೆ."

"ನೇತಾಡ್ತಾ ಉಂಟಲ್ಲ ಅಲ್ಲಿ! ನಿನ್ನ ತಲೆ ತುಂಡಾಗಿದೆಯಾ?"

ಹರಿಣಾಕ್ಷಿ ಮನೆಯ ಸ್ಟಾಪಿನಲ್ಲಿ ಇಳಿದಳು. ಬಸ್ಸು ಹೊರಟಿತು. ಆಗ ಹಿಂದಿನಿಂದ ಕೇಳಿಸಿತು... ಟಿಣ್!

ದಿನವೂ ಹಾಗೆಯೇ. ಅವಳು ಇಳಿದ ಮೇಲಷ್ಟೇ ಬೆಲ್ಲು.

'ಮೇಡಂ, ಒಬ್ಬರು ನನಗೋಸ್ಕರ ಕೈ ಎತ್ತುವುದನ್ನೇ ಬಿಟ್ಟಿದ್ದಾರೆ. ನನಗೆ ಭಯವಾಗುತ್ತದೆ.'

'ಅವರನ್ನು ಕಂಡರೆ ಭಯವೇ?'

'ಅಲ್ಲ... ಅವರನ್ನು ಕಂಡರೆ ಭಯವಾಗುವುದಿಲ್ಲವಲ್ಲ, ಅದಕ್ಕೇ ಭಯ.'

ಒಂದು ಸಂಜೆ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಬಾಗಿಲಿಗೆ ಅಡ್ಡವಾಗಿ ಧನರಾಜ್ ನಿಂತಿದ್ದ!

ಅವಳು ಹಿಂದೆ ಸರಿದಳು.

"ಯಾವುದೋ ಆ್ಯಪಿನಲ್ಲಿ ಗಂಡನ ಮಾನ ಹರಾಜು ಹಾಕ್ತೀಯಾ? ಬಾ ಕಾರಿಗೆ!"

ಮಣಿಕಟ್ಟು ಹಿಡಿದು ಎಳೆದ. ಕೈ ಎತ್ತಿದ. ಅವಳ ತೋಳುಗಳು ತಲೆಗೆ ಹೋದವು. ಲತೇಶ್ ಬಸ್ಸಿನಿಂದ ಧುಮುಕಿದ. ಅವನ ಮುಷ್ಟಿಯೂ ಮೇಲೆದ್ದಿತ್ತು. ಮುದುಡಿದ ಅವಳನ್ನು ಕಂಡದ್ದೇ ಮುಷ್ಟಿ ಇಳಿಯಿತು. ಸೀಟಿ ಬಾಯಿಗಿಟ್ಟು ಉಸಿರಿರುವಷ್ಟೂ ಊದಿದ.

ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಧನರಾಜನ ಹಿಡಿತ ಸಡಿಲಾಯಿತು.

"ಗಂಡ ಹೆಂಡತಿ ವಿಷಯ! ನೀನು ಯಾರು?"

"ಕಂಡಕ್ಟರ್." ಲತೇಶ್ ಅವಳ ಕಡೆ ತಿರುಗಿದ. "ಎಲ್ಲಿಗೆ ಟಿಕೆಟು? ನೀವು ಹೇಳಿ."

ಹರಿಣಾಕ್ಷಿ ಮಣಿಕಟ್ಟು ಬಿಡಿಸಿಕೊಂಡಳು. ಹೇಳಿದಳು. "ಪೊಲೀಸ್ ಸ್ಟೇಷನ್ನಿಗೆ."

"ಅಲ್ಲಿ ಸ್ಟಾಪು ಇಲ್ಲ," ಎಂದ ನಿಝಾಮ್. "ಇವತ್ತು ಉಂಟು. ಹತ್ತಿ!"

ದೂರು ಕೊಟ್ಟು ಹೊರಗೆ ಬಂದವಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಆ್ಯಪಿನ ವಿಷಯ ಧನರಾಜನಿಗೆ ಹೇಗೆ ಗೊತ್ತಾಯಿತು? ಅವಳ ಪರದೆ ನೋಡಿದವನು ಒಬ್ಬನೇ...

"ನೀವೇ ಹೇಳಿದ್ದಲ್ವಾ?"

ಬಸ್ಸು ನಿಲ್ಲಿಸಿಕೊಂಡು ಕಾದಿದ್ದ ಲತೇಶ್ ಏಟು ತಿಂದವನಂತೆ ನಿಂತ. "ನಾನು ಯಾರಿಗೂ ಹೇಳಲಿಲ್ಲ," ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಮರುದಿನದಿಂದ ಅವಳು ಬೇರೆ ಬಸ್ಸು ಹಿಡಿದಳು.

'ಈ ಫೋನು ಯಾರು ಕೊಟ್ಟದ್ದು?' ಕೇಳಿದರು ಪದ್ಮಾಕ್ಷಿ ಮೇಡಂ.

'ಅವರೇ. ದುಬೈಯಿಂದ ತಂದದ್ದು.'

'ಅದರಲ್ಲಿ ಯಾರ ಮೇಲ್ ಐಡಿ ಉಂಟು?'

ಹರಿಣಾಕ್ಷಿ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದಳು. ಅವನದೇ! ಅವಳು ಎಲ್ಲಿ ಹೋದಳು, ಯಾವ ಆ್ಯಪ್ ಹಾಕಿದಳು, ಎಲ್ಲವೂ ಅವನಿಗೆ ಕಲ್ಲಡ್ಕದಲ್ಲಿ ಕುಳಿತೇ ಕಾಣಿಸುತ್ತಿತ್ತು. ಗಂಡನ ಬೇಹುಗಾರನನ್ನು ಅವಳೇ ಕೈಯಲ್ಲಿ ಹಿಡಿದು ತಿರುಗಿದ್ದಳು. ಅನುಮಾನಿಸಿದ್ದು ಮಾತ್ರ ಲತೇಶನನ್ನು!

ಬೇರೆ ಫೋನು ಬಂತು. ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ಲತೇಶನ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನ ಬಸ್ಸು ಹತ್ತಿಯೇಬಿಟ್ಟಳು. ಇಳಿಸಿಬಿಟ್ಟರೆ?

"ಲತೇಶ್... ಅವನಿಗೆ ಹೇಳಿದ್ದು ನನ್ನ ಫೋನು. ನಿಮ್ಮ ಮೇಲೆ ಸುಮ್ಮನೆ ಅನುಮಾನಪಟ್ಟೆ."

"ಗೊತ್ತಾಯ್ತಲ್ಲ, ಬಿಡಿ. ಬೇರೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗ್ತೀರಂತೆ. ನಿಮ್ಮ ಸೀಟಿನಲ್ಲಿ ಕೂತವರನ್ನು ಕಂಡ್ರೆ ನನಗೆ ಸಿಟ್ಟು ಬರ್ತಿತ್ತು."

ಅವನು ಸೀಟಿ ಬಾಯಿಗಿಟ್ಟ.

"ಬೇಡ. ಬೆಲ್ಲು ಎಳೆಯಿರಿ."

"ನೀವು ಹೆದರ್ತೀರಿ."

"ಹೆದರ್ತೇನೆ. ಆದ್ರೂ ಎಳೆಯಿರಿ."

ಅವನ ಕೈ ನಿಧಾನವಾಗಿ ಮೇಲೇರಿತು. ಅವಳ ತೋಳುಗಳು ತಾವಾಗಿಯೇ ಎದ್ದವು... ಅರ್ಧದಲ್ಲಿ ನಿಂತವು... ಮೆಲ್ಲಗೆ ಮಡಿಲಿಗೆ ಇಳಿದವು.

ಟಿಣ್!

"ಅಬ್ಬ! ಹಗ್ಗ ಸರಿಯಾಯ್ತಾ?" ನಿಝಾಮ್ ಕೂಗಿದ.

"ಹೆದರಿಕೆ ಆಯ್ತಾ?" ಲತೇಶ್ ಪಿಸುಗುಟ್ಟಿದ.

"ಸ್ವಲ್ಪ..."

"ನನಗೂ. ನಿಮ್ಮ ಮೇಲೆ ಪ್ರೀತಿ ಉಂಟು ಅಂತ ಹೇಳಲಿಕ್ಕೆ ಇದಕ್ಕಿಂತ ಜಾಸ್ತಿ ಹೆದರಿಕೆ."

ಹರಿಣಾಕ್ಷಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಅದನ್ನೂ ನಿಧಾನಕ್ಕೆ ಹೇಳಿ."

"ಎಷ್ಟು ನಿಧಾನ?"

"ಮೂಡುಬಿದಿರೆ ಬಂದ್ರೂ ಮುಗಿಯಬಾರದು."