ಅರ್ತಿಂಗ್ ಸಾಹೇಬ

ವಿದ್ಯುತ್ ಸುರಕ್ಷತೆಯ ವಿಷಯದಲ್ಲಿ ಇಂಜಿನಿಯರ್ ವಿದ್ಯಾಧೀಶನ ಮಾತಿಗೆ ಎದುರಾಡಿದವರು ವಿಜಯಪುರದಲ್ಲಿ ಯಾರೂ ಇರಲಿಲ್ಲ, ಬಬಲೇಶ್ವರದ ಕೆರೆಯಲ್ಲಿ ದೋಣಿ ನಡೆಸುವ ಭಾಗಪ್ಪ ಬಾಯಿ ತೆರೆಯುವವರೆಗೆ.

ಅಂದು ಕೆರೆಗೆ ಹೊಸ ಬ್ಯಾಟರಿ ದೋಣಿ ಬಂದಿತ್ತು. ರಾತ್ರಿ ದಡದ ಕರೆಂಟಿನಿಂದ ಚಾರ್ಜ್ ಆಗಿ, ಹಗಲು ಜನರನ್ನು ಸುತ್ತಾಡಿಸುವ ಕಬ್ಬಿಣದ ದೋಣಿ. ದಡದ ಸ್ವಿಚ್ಚಿನ ಪೆಟ್ಟಿಗೆ, ವೈರು ಎಲ್ಲ ವಿದ್ಯಾಧೀಶನ ಕೈಕೆಲಸ. ನೀರು ಮತ್ತು ಕರೆಂಟಿನ ಅಪಾಯದ ಬಗ್ಗೆ ಅವನು ಮೈಕಿನಲ್ಲಿ ಮುಕ್ಕಾಲು ಗಂಟೆಯಿಂದ ಮಾತಾಡುತ್ತಿದ್ದಾಗ ಭಾಗಪ್ಪ ಟೆಸ್ಟರನ್ನು ದೋಣಿಗೆ ತಾಗಿಸಿ ನೋಡಿದ. ಕೆಂಪು ದೀಪ ಹೊತ್ತಿತು.

“ಸಾಹೇಬ್ರ, ಇದಕ್ಕ ಅರ್ತಿಂಗ್ ಇಲ್ರಿ.”

ಹೇಳಿದ್ದು ಮೆಲ್ಲಗೇ. ಆದರೆ ಮೈಕು ಹತ್ತಿರವಿತ್ತು. ಮೇಲಧಿಕಾರಿ ಸುರೇಶ ಮೊದಲು ನಕ್ಕ, ಆಮೇಲೆ ಊರೇ ನಕ್ಕಿತು. ವಾರದೊಳಗೆ ವಿದ್ಯಾಧೀಶ ‘ಅರ್ತಿಂಗ್ ಸಾಹೇಬ’ನಾದ. ಸಿದ್ಧೇಶ್ವರ ಗುಡಿಯ ಹತ್ತಿರ ಕಾಯಿಪಲ್ಲೆ ಕೊಳ್ಳಲು ಹೋದ ಹೆಂಡತಿ ಅನುಜಾಳ ಕಿವಿಗೂ ಆ ಹೆಸರು ಬಿತ್ತು. ಮನೆಗೆ ಬಂದು ಹೇಳುವಾಗ ಅವಳು ತುಟಿ ಕಚ್ಚಿ ನಗು ತಡೆದಳು. ಅದನ್ನು ಅವನು ಮರೆಯಲಿಲ್ಲ. ಇನ್ನೊಬ್ಬ ಇಂಜಿನಿಯರ್ ತಪ್ಪು ಹಿಡಿದಿದ್ದರೆ ಸಹಿಸಿಕೊಳ್ಳುತ್ತಿದ್ದ. ಏಳನೇ ತರಗತಿಗೆ ಶಾಲೆ ಬಿಟ್ಟವನು, ಅದೂ ಊರ ಹೊರಗಿನ ಆ ಓಣಿಯವನು ಹಿಡಿಯುವುದೆಂದರೆ?

ಯೋಜನೆ ಸರಳವಾಗಿತ್ತು. ಭಾಗಪ್ಪ ದಿನಾ ಬೆಳಿಗ್ಗೆ ಸ್ವಿಚ್ ಆರಿಸಿ, ಮೊಣಕಾಲುದ್ದ ನೀರಿಗಿಳಿದು, ದೋಣಿಯ ಅಂಚು ಹಿಡಿದು ವೈರು ಬಿಚ್ಚುತ್ತಿದ್ದ. ಎಚ್ಚರಿಕೆಯ ಮನುಷ್ಯ. ಆ ಎಚ್ಚರಿಕೆಯೇ ಅವನನ್ನು ತಿನ್ನಬೇಕು. ಸ್ವಿಚ್ ಆರಿಸಿದರೂ ಕರೆಂಟು ಆರಬಾರದು. ಒಮ್ಮೊಮ್ಮೆ ಬುತ್ತಿ ತರುವ ಹೆಂಡತಿ ಪರಸವ್ವಳೂ ಅದೇ ನೀರಿಗಿಳಿಯುತ್ತಾಳೆಂಬುದು ವಿದ್ಯಾಧೀಶನಿಗೆ ಹೊಳೆಯಿತು. ಅಪಘಾತದ ವರದಿಯಲ್ಲಿ ಇನ್ನೊಂದು ಸಾಲು ಸೇರಿಸಿದರಾಯಿತು ಎಂದುಕೊಂಡ.

ಗುರುವಾರ ಸಂಜೆ ತಪಾಸಣೆಯ ನೆಪದಲ್ಲಿ ಕೆರೆಗೆ ಬಂದು ಭಾಗಪ್ಪನನ್ನು ಚಹಾ ತರಲು ಕಳಿಸಿದ. ಪೆಟ್ಟಿಗೆಯೊಳಗೆ ಸ್ವಿಚ್ಚನ್ನು ದಾಟಿ ಹೋಗುವಂತೆ ಕರೆಂಟಿಗೊಂದು ಕಳ್ಳದಾರಿ ಮಾಡಿದ. ಊರು ನಕ್ಕ ಮೇಲೆ ತಾನೇ ಹಾಕಿದ್ದ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ತಂತಿಯನ್ನು ಬಿಚ್ಚಿದ. ದೋಣಿಯೊಳಗಿನ ವೈರನ್ನು, ಅದು ಕಬ್ಬಿಣಕ್ಕೆ ತಾಗುವ ಹಾಗೆ, ಇಲಿ ಕಡಿದಂತೆ ಕೆರೆದ. ಇಲಿಯ ಮೇಲೆ ಯಾವ ಠಾಣೆಯೂ ಕೇಸು ಹಾಕುವುದಿಲ್ಲ. ಬೇರೆ ಯಾರೂ ತೆರೆದು ನೋಡಬಾರದೆಂದು ಪೆಟ್ಟಿಗೆಗೆ ತನ್ನದೇ ಸೀಲು ಒತ್ತಿದ.

ಭಾಗಪ್ಪ ಚಹಾ ಹಿಡಿದುಕೊಂಡು ಬಂದ. “ತಗೋರಿ ಸಾಹೇಬ್ರ, ಬಿಸಿ ಐತಿ.”

“ಅಲ್ಲೇ ಇಡು. ಇವತ್ತ ದೋಣಿಗೆ ವೈರ್ ನಾನ ಹಚ್ಚೇನಿ. ನೀ ಮನಿಗೆ ಹೋಗು.”

“ನಿಮಗ್ಯಾಕ ತ್ರಾಸರಿ,” ಎಂದು ಭಾಗಪ್ಪ ಸಂಕೋಚಪಟ್ಟ. ಆ ಚಹಾವನ್ನು ವಿದ್ಯಾಧೀಶ ಕುಡಿಯಲಿಲ್ಲ. ಭಾಗಪ್ಪ ತಂದ ಚಹಾವನ್ನು ಎಂದೂ ಕುಡಿದವನಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ತಿಕೋಟಾದಲ್ಲಿದ್ದ, ಅರವತ್ತು ಮಾಸ್ತರರ ಎದುರು. ಭಾಷಣದ ವಿಷಯ ಶಾಲೆಗಳಲ್ಲಿ ವಿದ್ಯುತ್ ಸುರಕ್ಷತೆ. ಅರವತ್ತು ಸಾಕ್ಷಿಗಳು, ಎಲ್ಲರೂ ಸರಕಾರಿ ನೌಕರರು. ಅಂದು ಅವನು ಎಂದಿಗಿಂತ ಚೆನ್ನಾಗಿ ಮಾತಾಡಿದ. ಒಂಬತ್ತಕ್ಕೆ ಸುರೇಶನ ಫೋನು ಬಂತು. ಮುಖಕ್ಕೆ ಬೇಕಾದಷ್ಟು ಗಾಬರಿ ತಂದುಕೊಂಡು ಎತ್ತಿದ.

“ಸರ, ಭಾಗಪ್ಪಗ ಏನಾತ್ರಿ?”



“ಭಾಗಪ್ಪಗ ಏನೂ ಆಗಿಲ್ಲ. ನನ್ನ ಬಾಜೂಕನ ನಿಂತಾನ. ಪೊಲೀಸರು ಈಗ ನಿಮ್ಮ ಸೀಲ್ ಒಡದು ಪೆಟಗಿ ತಗದಾರ. ತಿಕೋಟಾಕ್ಕೂ ಜೀಪ್ ಬರಾಕತ್ತೈತಿ, ಅಲ್ಲೇ ಇರ್ರಿ.” ಸುರೇಶನ ದನಿ ಏರಲಿಲ್ಲ. “ಸ್ವಿಚ್ಚಿನ ಮ್ಯಾಲೆ ಪರೀಕ್ಷಾ ಗುಂಡಿ ಇರತದಲ್ಲ, ಒತ್ತಿದ್ರ ಸ್ವಿಚ್ ತಾನ ಬಿದ್ದು ಕರೆಂಟ್ ಆರಬೇಕು, ಅದನ್ನ ಇಂವ ದಿನಾ ಮುಂಜಾನೆ ನೀರಿಗಿಳಿಯೂಕಿಂತ ಮೊದಲ ಒತ್ತತಾನ. ನಿನ್ನೆ ಸ್ವಿಚ್ ಬಿತ್ತು, ದೋಣಿ ಚಾರ್ಜಿಂಗ್ ದೀಪ ಆರಿತು. ಇವತ್ತೂ ಸ್ವಿಚ್ ಬಿತ್ತು, ದೀಪ ಆರಲಿಲ್ಲ. ನಡುವ ಪೆಟಗಿ ತಗದವ್ರು ನೀವೊಬ್ರ. ಎರಡೂ ವೀಡಿಯೊ ಆಫೀಸಿನ ಗ್ರೂಪಿನ್ಯಾಗ ಅದಾವು. ದಿನಾ ಹಾಕತಾನ, ನೀವು ನೋಡಿಲ್ಲೇನು?” ವಿದ್ಯಾಧೀಶ ನೋಡಿರಲಿಲ್ಲ. ತನ್ನ ಅಡ್ಡಹೆಸರು ಹಿಡಿದು ಅಲ್ಲಿ ಎಲ್ಲರೂ ನಗತೊಡಗಿದ ದಿನವೇ ಅವನು ಆ ಗ್ರೂಪನ್ನು ಮ್ಯೂಟ್ ಮಾಡಿದ್ದ.