ಕುಂಕುಮ ಹಚ್ಚಿದ ಮೆಷಿನ್

"ಆ ಮೆಷಿನ್ ನಿಮಗೆ ಕೊಡಲ್ಲ."

ತನುಶ್ರೀ ಬೆಚ್ಚಿ ತಲೆಯೆತ್ತಿದಳು. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಶಿವಮೊಗ್ಗದ ಈ ಅಂಗಡಿಯಲ್ಲಿ ಮಿರಮಿರ ಮಿಂಚುವ ಹೊಸ ಹೊಲಿಗೆ ಮೆಷಿನ್ ಮೇಲೆ ಕೈಯಿಟ್ಟಿದ್ದಳಷ್ಟೇ. ಎದುರಿಗೆ ನಿಂತಿದ್ದವನು ಅಂಗಡಿಯ ಯೋಗರಾಜ್. ಕೈಯಲ್ಲಿ ಎಣ್ಣೆಬಟ್ಟೆ, ಕಣ್ಣಲ್ಲಿ ಒಂದಿಷ್ಟೂ ಅಳುಕಿಲ್ಲ.

"ಯಾಕೆ? ನನ್ನ ಹತ್ರ ದುಡ್ಡಿಲ್ಲ ಅಂತಾನಾ?"

"ಚರ್ಮದ ಬ್ಯಾಗ್ ಹೊಲೀಬೇಕು ಅಂದ್ರಲ್ಲ, ಅದಕ್ಕೆ. ಇದು ಬಟ್ಟೆ ಮೆಷಿನ್."

"ದಪ್ಪ ಸೂಜಿ ಹಾಕಿದ್ರಾಯ್ತು."

"ಹಾಕೇ ನೋಡೋಣ ಬನ್ನಿ."

ಅವಳು ಚೀಲದಿಂದ ಎರಡು ಚರ್ಮದ ತುಂಡು ತೆಗೆದುಕೊಟ್ಟಳು. ಅವನು ನಾಲ್ಕು ಬೆರಳುದ್ದ ಹೊಲಿಯುವಷ್ಟರಲ್ಲಿ ಕೆಳಗಿನ ಪದರ ಮುಂದೆ ಓಡಿತು, ಮೇಲಿನದು ಹಿಂದೆ ಉಳಿದು ಸುಕ್ಕಾಯಿತು. ದಾರ ಬಿಚ್ಚಿದರೂ ತೂತುಗಳ ಸಾಲು ಹಾಗೇ ಉಳಿಯಿತು.

"ಬಟ್ಟೆ ಆದ್ರೆ ಬಿಚ್ಚಿ ಮತ್ತೆ ಹೊಲೀಬಹುದು," ಎಂದಳು ತನುಶ್ರೀ ಮೆಲ್ಲಗೆ. "ಚರ್ಮಕ್ಕೆ ಬಿದ್ದ ತೂತು ಮುಚ್ಚಲ್ಲ... ಅಪ್ಪ ಹೇಳ್ತಾರೆ."

ಅವಳ ಅಪ್ಪ ಮೂರ್ತಪ್ಪ ಭದ್ರಾವತಿಯ ಕಾಗದನಗರದಲ್ಲಿ ಚಪ್ಪಲಿ ಹೊಲಿದು ಮಗಳನ್ನು ಓದಿಸಿದವರು. ಮಗಳು ಬ್ಯಾಗ್ ಹೊಲಿಯುತ್ತಾಳೆ, ಬರೀ ಕೈಯಲ್ಲಿ. ಸೋಗಾನೆಯ ವಿಮಾನ ನಿಲ್ದಾಣದ ಹತ್ತಿರದ ಅಂಗಡಿಯೊಂದು ದಸರಾದೊಳಗೆ ರಾಶಿ ಬ್ಯಾಗ್ ಕೇಳಿತ್ತು. ಮೆಷಿನ್ ಸಿಗದಿದ್ದರೆ ಆ ಆರ್ಡರ್ ಬೇರೆಯವರ ಪಾಲು.

"ಮೂವತ್ತು ಸಾವಿರದೊಳಗೆ ಬೇರೆ ಯಾವುದಾದ್ರೂ ಇದ್ಯಾ?"

ಯೋಗರಾಜ್ ಮೂಲೆಯಲ್ಲಿದ್ದ, ಬಣ್ಣ ಹಾರಿದ ಹಳೆಯ ಮೆಷಿನ್ ಮುಂದೆ ನಿಂತ. "ನೋಡೋಕೆ ಚೆಂದ ಇಲ್ಲ ಮಾರಾಯ್ರೆ. ಆದ್ರೆ ವಾಕಿಂಗ್ ಫೂಟ್. ಸೂಜಿ ಜೊತೆ ಮೇಲಿನ ಪಾದವೂ ಹೆಜ್ಜೆ ಹಾಕುತ್ತೆ. ಎರಡೂ ಪದರ ಒಟ್ಟಿಗೇ ನಡೀತವೆ."

ಅವಳೇ ಕೂತು ಹೊಲಿದಳು. ಟಕ್... ಟಕ್... ಟಕ್... ಅಜ್ಜಿ ಪದ ಹೇಳುತ್ತಾ ತೊಡೆ ತಟ್ಟುತ್ತಿದ್ದ ತಾಳದ ಹಾಗೆ! ಹೊಲಿಗೆ ನೇರವಾಗಿ ಬಂತು. ಅವಳ ಮೈ ಜುಮ್ಮೆಂದಿತು.

"ಇದೇ ಬೇಕು."

"ಈ ಮೋಟರ್ ಚರ್ಮಕ್ಕೆ ವೇಗ ಜಾಸ್ತಿ. ನಿಧಾನದ್ದು ಹಾಕಿಡ್ತೀನಿ. ನಂಬರ್, ವಿಳಾಸ ಬರೆದಿಟ್ಟು ಹೋಗಿ. ಶುಕ್ರವಾರ ಬನ್ನಿ, ದುಡ್ಡು ಆವಾಗ್ಲೇ ಕೊಡಿ."

ಅಷ್ಟರಲ್ಲಿ ಬೇರೊಬ್ಬ ಹೆಂಗಸು ಕೊಂಡ ಮೆಷಿನ್‌ಗೆ ಅವನು ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟ. ತನುಶ್ರೀ ನೋಡುತ್ತಿದ್ದುದನ್ನು ಕಂಡು ನಕ್ಕ. "ನಮ್ಮ ತಾತನ ಕಾಲದ ಪದ್ಧತಿ. ಮಾರಿದ ಮೇಲೇ ಕುಂಕುಮ. ಅಲ್ಲೀವರೆಗೂ ಬರೀ ಕಬ್ಬಿಣ."

ಆ ವಾರವಿಡೀ ಫೋನ್ ಬರುತ್ತಲೇ ಇತ್ತು. "ಹೊಸ ಮೋಟರ್ ಹಾಕಿದೆ, ಕೇಳಿ," ಎಂದು ಅವನು ಫೋನನ್ನು ಮೆಷಿನ್ ಪಕ್ಕ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸದ್ದು ನಿಂತ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ.

*ನಾನು ಕಾಯ್ತಿರೋದು ಮೆಷಿನ್‌ಗಾ... ಅವನಿಗಾ?*

ಶುಕ್ರವಾರ ಅಂಗಡಿಯ ಬಾಗಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು.

ಅವಳ ಮೆಷಿನ್‌ಗೆ ಕುಂಕುಮ! ಮೇಲೊಂದು ಮೊಳ ಮಲ್ಲಿಗೆ. ಪಕ್ಕದಲ್ಲಿ ದಪ್ಪ ಮನುಷ್ಯನೊಬ್ಬ ನೋಟಿನ ಕಟ್ಟು ಹಿಡಿದು ನಿಂತಿದ್ದ. ಯೋಗರಾಜ್ ಅವನ ಜೊತೆ ನಗುನಗುತ್ತಾ ಮಾತಾಡುತ್ತಿದ್ದ.

*ಮಾರಿಬಿಟ್ಟ... ಹೆಚ್ಚಿಗೆ ಕೊಟ್ಟವರಿಗೆ ಮಾರಿಬಿಟ್ಟ.*

ಒಂದು ಮಾತೂ ಕೇಳದೆ ತಿರುಗಿ ಬಸ್ ಹತ್ತಿದಳು. ಫೋನ್ ಬಡಿದುಕೊಂಡಿತು, ಆಫ್ ಮಾಡಿದಳು. ಹೋದದ್ದು ಆರ್ಡರ್ ಮಾತ್ರ ಆಗಿದ್ದರೆ ಕಣ್ಣು ಇಷ್ಟು ಉರಿಯುತ್ತಿತ್ತೇ?

ಸಂಜೆ ಮನೆ ಮುಂದೆ ಲಗೇಜ್ ಆಟೋ ನಿಂತ ಸದ್ದಾಯಿತು.

"ತನೂ, ಬಾರಮ್ಮ," ಮೂರ್ತಪ್ಪ ಹೊರಗಿನಿಂದ ಕೂಗಿದರು. "ಯಾರೋ ಮೆಷಿನ್ನಿಗೆ ಮದುಮಗಳ ಹಂಗೆ ಹೂ ಮುಡಿಸ್ಕೊಂಡು ಬಂದವ್ರೆ."

ಆಟೋದಲ್ಲಿ ಅದೇ ಹಳೇ ಮೆಷಿನ್. ಪಕ್ಕದಲ್ಲಿ ಬೆವರಿದ ಯೋಗರಾಜ್.

"ಮಾರಾಟ ಆಗಿತ್ತಲ್ಲ," ಎಂದಳು ಮುಖ ತಿರುಗಿಸಿ.

"ಆಗಿದೆ. ನಿಮಗೆ. ಆ ಮನುಷ್ಯ ಬೆಳಿಗ್ಗೆಯಿಂದ ರೇಟು ಏರಿಸ್ತಾನೇ ಇದ್ದ. ಬಾಯಲ್ಲಿ ಹೇಳಿದ್ರೆ ಕೇಳಲಿಲ್ಲ. ಅದಕ್ಕೆ ಕುಂಕುಮ ಹಚ್ಚಿಬಿಟ್ಟೆ."

"ದುಡ್ಡು ಕೊಡೋಕೆ ಮುಂಚೇನೇ? ತಾತನ ಪದ್ಧತಿ ಏನಾಯ್ತು?"

"ಮೊದಲನೇ ಸಲ ಮುರಿದೆ. ನಿಮ್ಮ ಹೆಸರಲ್ಲೇ ಪೂಜೆ ಮಾಡ್ದೆ. ನಕ್ಷತ್ರ ಗೊತ್ತಿರಲಿಲ್ಲ, ಅದೊಂದು ಬಿಟ್ಟೆ."

ನಗು ತಡೆಯಲಾಗದೆ ಅವಳು ತುಟಿ ಕಚ್ಚಿದಳು. ಮೂರ್ತಪ್ಪನವರು ಇಬ್ಬರನ್ನೂ ಒಮ್ಮೆ ನೋಡಿ, "ಕಾಫಿಗೆ ಹಾಲು ತರ್ತೀನಿ," ಎಂದು ಹೊರಟರು. ಹಾಲು ಒಲೆಯ ಮೇಲೇ ಇತ್ತು.

ಮೆಷಿನ್ ಒಳಗೆ ಬಂತು. ಅವಳು ಎರಡು ಪದರ ಇಟ್ಟು ಹೊಲಿದಳು. ಎರಡೂ ಒಟ್ಟಿಗೇ ನಡೆದವು.

"ಸರ್ವಿಸ್ ಮಾಡೋಕೆ ಬರ್ತಾ ಇರ್ತೀನಿ," ಎಂದ ಯೋಗರಾಜ್.

"ಕೆಡುತ್ತಾ ಇದು?"

"ಅದೇ ಕಷ್ಟ... ಕೆಡೋದೇ ಇಲ್ಲ. ಕಾರಣ ಇಲ್ದೇ ಬರಬೇಕಾಗುತ್ತೆ."

ತನುಶ್ರೀ ತಲೆಯೆತ್ತಿದಳು. ಅವನ ಹಣೆಯಲ್ಲಿ ಬೆಳಗಿನ ಪೂಜೆಯ ಕುಂಕುಮ ಬೆವರಿಗೆ ಅರ್ಧ ಕರಗಿತ್ತು.

"ನಿಮ್ಮ ಹಣೆಗೂ ಹಚ್ಕೊಂಡಿದ್ದೀರಲ್ಲ. ಅಂಗಡಿ ಪದ್ಧತಿ ಪ್ರಕಾರ ನೀವೂ ಮಾರಾಟ ಆಗಿದ್ದೀರಾ?"

"ಆಗಿ ಒಂದು ವಾರ ಆಯ್ತು," ಎಂದ ಅವನು. "ಕೊಂಡವ್ರು ಇನ್ನೂ ಮನೆಗೆ ಕರ್ಕೊಂಡಿಲ್ಲ."

ಅವಳು ಪಕ್ಕದ ಸ್ಟೂಲನ್ನು ಅವನತ್ತ ಸರಿಸಿದಳು.

"ಕೂತ್ಕೊಳ್ಳಿ. ಕಾಫಿ ಕುಡ್ಕೊಂಡು ಹೋಗಿ... ನಿಧಾನಕ್ಕೆ."