ಚಾರ್ಲ್ಟನ್ನಿನ ಬಣ್ಣ

ಶರಣ್‌ಗೆ ಫುಟ್ಬಾಲ್ ಗೊತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಅವನು ಆಡಿದ್ದು ಖೋ-ಖೋ. ಬಿಟಿಎಂ ಲೇಔಟಿನಲ್ಲಿ ನಿಂಗರಾಜನ ಜೊತೆ ಹಂಚಿಕೊಂಡಿದ್ದ ರೂಮಿನಲ್ಲಿ ಟಿವಿಯೂ ಇರಲಿಲ್ಲ. ಹೀಗಿದ್ದೂ 2006ರ ಮೇ ತಿಂಗಳ ಒಂದು ಸೋಮವಾರ, ಜೆ.ಪಿ. ನಗರದ ಇನ್ಶೂರೆನ್ಸ್ ಆಫೀಸಿನ ಕ್ಯಾಂಟೀನಿನಲ್ಲಿ, ಎದುರು ಕೂತ ಮಧುಮತಿ "ಫುಟ್ಬಾಲ್ ನೋಡ್ತೀರಾ?" ಎಂದು ಕೇಳಿದಾಗ ಅವನು "ಓ, ಚಿಕ್ಕಂದಿನಿಂದ" ಎಂದುಬಿಟ್ಟ.

ಅವನು ಕೆಲಸಕ್ಕೆ ಸೇರಿ ಇನ್ನೂ ಎರಡನೇ ವಾರ. ಅವಳು ತಾನಾಗಿ ಮಾತಾಡಿಸಿದ್ದು ಅದೇ ಮೊದಲು. ಇಲ್ಲ ಅಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

"ಯಾವ ಟೀಮು?"

ತಟ್ಟೆಯ ಕೆಳಗೆ ಯಾರೋ ಹಾಸಿದ್ದ ಅವತ್ತಿನ ಪೇಪರ್ ಇತ್ತು. ಸಾರಿನ ಕಲೆಯ ಪಕ್ಕದಲ್ಲಿ ಒಂದು ಹೆಸರು ಕಂಡಿತು.

"ಚಾರ್ಲ್ಟನ್."

ಮಧುಮತಿಯ ಕೈ ಅನ್ನದಲ್ಲೇ ನಿಂತಿತು. "ಚಾರ್ಲ್ಟನ್ನಾ? ಬೆಂಗಳೂರಲ್ಲಿ? ಎಲ್ಲರೂ ಮ್ಯಾಂಚೆಸ್ಟರ್ ಅಂತಾರೆ, ಆರ್ಸೆನಲ್ ಅಂತಾರೆ."

"ಎಲ್ಲರೂ ಅಂತಾರಂತ ನಾನೂ ಅನ್ಬೇಕೇನ್ರಿ?"

ಅವಳು ನಗುವ ಮೊದಲು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಳ್ಳುತ್ತಿದ್ದಳು. ನಗು ಬರದ ಹಾಗೆ ತಡೆಯುವ ಪ್ರಯತ್ನ ಅದು. ಸಫಲವಾಗುತ್ತಿರಲಿಲ್ಲ. ಶರಣ್ ಅದನ್ನು ಅವತ್ತು ಮೊದಲ ಸಲ ಎದುರಿನಿಂದ ನೋಡಿದ. ಖುಷಿಯಲ್ಲಿ ಇನ್ನೆರಡು ಚಪಾತಿ ಹಾಕಿಸಿಕೊಂಡ.

ಒಂದು ಸುಳ್ಳು ಹೇಳಿದವನಿಗೆ ಅದನ್ನು ಸಾಕುವ ಖರ್ಚು ಗೊತ್ತಿರುವುದಿಲ್ಲ.

ಜುಲೈ ಕೊನೆಗೆ ಆಫೀಸಿನಲ್ಲಿ ಲೀಗಿನ ಮಾತು ಶುರುವಾಯಿತು. ನಡೆಸುವವನು ರವಿಕುಮಾರ, ಅಕೌಂಟ್ಸ್ ಸೆಕ್ಷನ್ನಿನವನು. ಇಂಗ್ಲೆಂಡಿನಲ್ಲಿ ನಿಜವಾಗಿ ಆಡುವ ಆಟಗಾರರನ್ನು ಇವರು ಇಲ್ಲಿ ಹಂಚಿಕೊಂಡು ತಮ್ಮ ತಮ್ಮ ಟೀಮ್ ಕಟ್ಟಬೇಕು. ಅಲ್ಲಿ ಅವರು ಗೋಲ್ ಹೊಡೆದರೆ ಇಲ್ಲಿ ಇವರಿಗೆ ಪಾಯಿಂಟು. ಹಂಚಿಕೊಳ್ಳುವ ದಿನಕ್ಕೆ ಡ್ರಾಫ್ಟ್ ಎಂದು ಹೆಸರು. ಒಬ್ಬರು ಕೂಗಿದ ಹೆಸರು ಇನ್ನೊಬ್ಬರಿಗಿಲ್ಲ. ಆದ್ದರಿಂದ ಯಾರು ಮೊದಲು ಕೂಗುತ್ತಾರೆ ಎಂಬುದೇ ದೊಡ್ಡದು.

ಆ ವರ್ಷ ಸೇರುವವರು ಜಾಸ್ತಿಯಾಗಿ ಎಂಟು ಜೋಡಿ ಮಾಡಿದರು. ಒಬ್ಬರು ಹಳಬರು, ಒಬ್ಬರು ಹೊಸಬರು. ಹಳಬರೇ ಹೊಸಬರನ್ನು ಆರಿಸಿಕೊಳ್ಳಬೇಕು.

"ನನಗೆ ಚಾರ್ಲ್ಟನ್" ಎಂದಳು ಮಧುಮತಿ.

ಚೀಟಿ ಎತ್ತಿದಾಗ ಅವರ ಜೋಡಿಗೆ ಮೊದಲ ಸರದಿ ಬಂತು. ರವಿಕುಮಾರನಿಗೆ ಎಂಟನೆಯದು.

"ಗುರು, ಲಕ್ ಅಂದ್ರೆ ನಿಂದು" ಎಂದ ರವಿ, ಶರಣ್‌ನ ಬೆನ್ನಿಗೆ ಬೇಕಾದ್ದಕ್ಕಿಂತ ಜೋರಾಗಿ ಹೊಡೆದು. "ಡ್ರಾಫ್ಟ್ ದಿನ ಹೊಸಬರಿಗೆ ಒಂದೊಂದು ಪ್ರಶ್ನೆ ಇರುತ್ತೆ. ಹೋದ್ ವರ್ಷ ಒಬ್ಬ ರಿಟೈರ್ ಆಗಿರೋನನ್ನ ತಗೊಂಡು ಇಡೀ ಸೀಸನ್ ಜಗಳ. ಆಟ ನೋಡದೇ ಇರೋನು ನನ್ನ ಲೀಗಲ್ಲಿ ಇರೋ ಹಾಗಿಲ್ಲ. ನಿಂಗೇನ್ ಭಯ ಬಿಡು, ಚಿಕ್ಕಂದಿನಿಂದ ನೋಡ್ತಿದೀಯ."

ಅಲ್ಲಿಂದ ಶರಣ್ ಓದಲು ಕೂತ. ಜಯನಗರದ ಲೈಬ್ರರಿಯಲ್ಲಿ ಹಳೆಯ ಪೇಪರ್‌ಗಳ ಕಟ್ಟು ಬಿಚ್ಚಿಸಿ ಕ್ರೀಡಾಪುಟವನ್ನೇ ಓದಿದ. ಯಾರು ಎಲ್ಲಿಂದ ಎಲ್ಲಿಗೆ ಹೋದರು, ಯಾರ ಮೊಣಕಾಲು ಕೆಟ್ಟಿದೆ, ಚಾರ್ಲ್ಟನ್ನಿಗೆ ಯಾರು ಗೋಲ್ ಹೊಡೆಯುತ್ತಾರೆ. ಡಿಗ್ರಿಗೂ ಅವನು ಇಷ್ಟು ಓದಿರಲಿಲ್ಲ. ನಿಂಗರಾಜ ಶೇವ್ ಮಾಡಿಕೊಳ್ಳುತ್ತ ಪ್ರಶ್ನೆ ಕೇಳುತ್ತಿದ್ದ, ತಪ್ಪಿದಾಗ ಉಗಿಯುತ್ತಿದ್ದ.

"ನಿಜ ಹೇಳಿಬಿಡು ಲೇ" ಎಂದ ನಿಂಗರಾಜ.

"ಹೇಳಿದ್ರ ಆಕಿ ನನ್ನ ಪಕ್ಕ ಕೂಡಂಗಿಲ್ಲ."

ಪಕ್ಕ ಎಂದರೆ ಬೇಕರಿಯ ಬೆಂಚು. ಆಫೀಸ್ ಬಿಟ್ಟ ಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಬೇಕರಿಯೊಂದರ ಮುಂದೆ ಅವರಿಬ್ಬರ ತಯಾರಿ ನಡೆಯುತ್ತಿತ್ತು. ಅವಳು ಸ್ಕೂಟಿಯಲ್ಲಿ ಬರುತ್ತಿದ್ದಳು, ಅವನು ಬಸ್ಸಿನಲ್ಲಿ. ಯಾವಾಗಲೂ ಅವಳೇ ಮೊದಲು ಬಂದು ಬೆಂಚಿನ ಅರ್ಧಕ್ಕೆ ಬ್ಯಾಗ್ ಇಟ್ಟು ಜಾಗ ಹಿಡಿದಿರುತ್ತಿದ್ದಳು. ಅವನು ಬಂದಾಗ ಅವಳು ಆ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುವುದನ್ನು ನೋಡಲೆಂದೇ ಅವನು ರಸ್ತೆ ದಾಟುವಾಗ ನಿಧಾನ ಮಾಡುತ್ತಿದ್ದ.

"ಫಸ್ಟ್ ಹೆನ್ರಿ. ಹೋದ್ ಸೀಸನ್ ಅವನಷ್ಟು ಗೋಲ್ ಯಾರೂ ಹೊಡೆದಿಲ್ಲ" ಎಂದಳು ಅವಳು, ನಿಪ್ಪಟ್ಟು ಮುರಿಯುತ್ತ. "ಆದ್ರೆ ಎರಡನೇ ಸುತ್ತು ಕೆಳಗಿಂದ, ಎಂಟನೇ ಜೋಡಿಯಿಂದ, ಮೇಲಕ್ಕೆ ಬರುತ್ತೆ. ನಮ್ಮ ಸರದಿ ಬರೋಷ್ಟರಲ್ಲಿ ಒಳ್ಳೇ ಸ್ಟ್ರೈಕರ್ಸ್ ಖಾಲಿ. ಆಗ?"

"ಡಿಫೆಂಡರ್ ತಗೊಳ್ಳೋಣ. ಟೆರ್ರಿ. ಡಿಫೆಂಡರ್ ಆದ್ರೂ ಗೋಲ್ ಹೊಡೀತಾನ."

"ಅವನ ಹೆಡರ್ ನೋಡಿದೀರಾ?"

"ಹ್ಞೂಂ. ಸಖತ್."

ಅವಳು ಅವನ ಮುಖವನ್ನು ಒಂದು ಗಳಿಗೆ ಜಾಸ್ತಿ ನೋಡಿದಳು. ಕೆಳತುಟಿ ಹಲ್ಲಿನಡಿಗೆ ಹೋಯಿತು. ನಿಪ್ಪಟ್ಟಿನ ದೊಡ್ಡ ತುಂಡನ್ನು ಅವನಿಗೆ ಕೊಟ್ಟಳು.

ಇನ್ನೊಂದು ಸಂಜೆ ಅವಳು "ಮ್ಯಾಚ್ ಪೂರ್ತಿ ಬೆಂಚಲ್ಲೇ ಕೂತಿರೋರನ್ನ ಯಾರ್ ತಗೋತಾರೆ ಹೇಳಿ" ಎಂದಾಗ ಶರಣ್‌ಗೆ ಸುಳ್ಳು ಮರೆತುಹೋಯಿತು.

"ಕೂತವನನ್ನ ಹಂಗ ತಿಳೀಬ್ಯಾಡ್ರಿ. ಖೋ-ಖೋದಾಗ ಆಟ ಇರೋದ ಕೂತವನ ಕೈಯಾಗ. ಓಡೋನು ಸುಮ್ನ ಓಡ್ತಾನ. ಕೂತವನು ಮೈಯೆಲ್ಲಾ ಕಿವಿ ಮಾಡ್ಕೊಂಡು ಕಾಯ್ತಿರ್ತಾನ."

"ಖೋ-ಖೋ ಆಡ್ತಿದ್ರಾ ನೀವು?"

"ಜಿಲ್ಲಾ ಟೀಮಿನಾಗಿದ್ದೆ."

"ಹೇಗೆ ಕೂರ್ತಾರೆ?"

ಅವನು ಇಸ್ತ್ರಿ ಪ್ಯಾಂಟಿನಲ್ಲೇ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈ ನೆಲಕ್ಕೆ ಊರಿ, ತಲೆ ಎತ್ತಿ ತೋರಿಸಿದ. ಬೇಕರಿಯವನು ಗಾಜಿನ ಮೇಲಿಂದ ಬಗ್ಗಿ ನೋಡಿದ. ತರಕಾರಿ ಚೀಲ ಹಿಡಿದ ಆಂಟಿಯೊಬ್ಬರು ಸುತ್ತಿ ಹೋದರು.

"ಅಯ್ಯೋ, ಎದ್ದೇಳ್ರೀ. ಜನ ನೋಡ್ತಿದಾರೆ."

"ನಾನಾಗೇ ಏಳಂಗಿಲ್ರಿ, ಫೌಲ್ ಆಗ್ತೈತಿ. ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಅನ್ಬೇಕು. ಎದ್ದ ಮ್ಯಾಲೆ ಒಂದು ದಿಕ್ಕು ಹಿಡಿದ್ರ ಮುಗೀತು. ಕಂಬ ಮುಟ್ಟೋತನಕ ಹಿಂದಕ್ಕ ತಿರುಗಂಗಿಲ್ಲ."

"ಹೌದಾ? ಹಾಗಾದ್ರೆ ಕೂತೇ ಇರಿ."

ಅವಳು ಸ್ಕೂಟಿ ಹತ್ತಿ ಹೋಗಿಬಿಟ್ಟಳು. ತಿರುವಿನಲ್ಲಿ ಅವಳ ಭುಜ ಕುಣಿಯುತ್ತಿದ್ದುದು ಅವನಿಗೆ ಕಂಡಿತು. ನಗುತ್ತಿದ್ದಳು.

ಅವತ್ತು ರೂಮಿಗೆ ನಡೆದುಕೊಂಡು ಹೋಗುವಾಗ ಶರಣ್ ಲೆಕ್ಕ ಹಾಕಿದ. ರವಿಯ ಪ್ರಶ್ನೆಗೆ ತಪ್ಪಿದರೆ ಲೀಗ್ ಹೋಗುತ್ತದೆ, ಹೋಗಲಿ. ಹನಮಂತ ಎಂಬ ಫುಟ್ಬಾಲ್ ಹುಚ್ಚ ಜಾಗ ಸಿಗದೆ ಹೊರಗೆ ಕಾಯುತ್ತಿದ್ದ, ಅವನು ಬರುತ್ತಾನೆ. ಬೆಂಚಿನ ಮೇಲಿನ ಬ್ಯಾಗನ್ನು ಅವಳು ಹನಮಂತನಿಗಾಗಿ ಎತ್ತುತ್ತಾಳೆ. ಮೂರು ತಿಂಗಳು ಸುಳ್ಳು ಹೇಳಿದವನ ಪಕ್ಕ ಯಾವ ಹುಡುಗಿ ಕೂರುತ್ತಾಳೆ?

ಆಗಸ್ಟ್ ಹದಿನೈದು, ಆಫೀಸಿಗೆ ರಜೆ. ಕತ್ರಿಗುಪ್ಪೆಯಲ್ಲಿ ರವಿಕುಮಾರನ ಮನೆಯ ಟೆರೇಸಿನಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಪಕ್ಕದ ಸ್ಕೂಲಿನ ಮೈಕಿನಲ್ಲಿ ಯಾರೋ ಭಾಷಣ ಮಾಡುತ್ತಿದ್ದರು. ಕೆಳಗೆ ರವಿಯ ತಾಯಿ ಅಮ್ಮಣ್ಣಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವ ವಾಸನೆ ಬರುತ್ತಿತ್ತು. ಮಧುಮತಿ ಬಿಳಿ ಚೂಡಿದಾರಕ್ಕೆ ಕೆಂಪು ದುಪಟ್ಟಾ ಹಾಕಿಕೊಂಡು ಬಂದಿದ್ದಳು. ಶರಣ್ ಒಂದು ಸಲ ನೋಡಿದ. ಎರಡನೇ ಸಲ ನೋಡಿದರೆ ಹಿಂದಿನ ದಿನ ಓದಿದ್ದು ಮರೆಯುತ್ತದೆಂದು ತಲೆ ತಗ್ಗಿಸಿದ.

ಹೊಸಬರಿಗೆ ಪ್ರಶ್ನೆ ಶುರುವಾಯಿತು. ಏಳು ಜನ ಉತ್ತರ ಕೊಟ್ಟರು. ಎಲ್ಲ ಪ್ರಶ್ನೆಗಳ ಉತ್ತರವೂ ಶರಣ್‌ಗೆ ಗೊತ್ತಿತ್ತು. ಅವನು ಕಾಲು ಚಾಚಿ ಕೂತ.

"ನಮ್ ಚಾರ್ಲ್ಟನ್ ಸಾಹೇಬ್ರಿಗೆ ಸುಲಭದ್ದು" ಎಂದ ರವಿ. "ನಿಮ್ ಟೀಮಿನ ಜರ್ಸಿ ಯಾವ ಬಣ್ಣ ಮಗಾ?"

ಶರಣ್ ಓದಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದ.

ಅವನು ಓದಿದ ಪೇಪರ್‌ಗಳಲ್ಲಿ ಕ್ರೀಡಾಪುಟ ಕಪ್ಪುಬಿಳುಪು. ಚಾರ್ಲ್ಟನ್ನಿನ ಹನ್ನೊಂದೂ ಜನರನ್ನು ಅವನು ನೋಡಿದ್ದು ಬೂದು ಅಂಗಿಯಲ್ಲಿ.

ಅವನು ಮಧುಮತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ದುಪಟ್ಟಾದ ತುದಿ ಹಿಡಿದು ಮುಂದಕ್ಕೆ ಎಳೆದುಕೊಂಡಳು. ಸರಿಯಾಗಿಯೇ ಇದ್ದ ದುಪಟ್ಟಾವನ್ನು ಮತ್ತೆ ಎಳೆದು ಭುಜದ ಮೇಲೆ ಹಾಕಿಕೊಂಡಳು. ಮೂರನೇ ಸಲ ಎಳೆದು ಕೊಡವಿದಳು. ಅವಳ ಕಣ್ಣುಗಳು ಅಗಲವಾಗಿದ್ದವು.

ಹೆಣ್ಣುಮಕ್ಕಳು ಸೆರಗೋ ದುಪಟ್ಟಾವೋ ಸರಿಮಾಡಿಕೊಳ್ಳುವಾಗ ಆ ಕಡೆ ನೋಡಬಾರದೆಂದು ಶರಣ್‌ಗೆ ಮನೆಯಲ್ಲಿ ಕಲಿಸಿದ್ದರು. ಅವನು ಮರ್ಯಾದೆಯಿಂದ ಮುಖ ತಿರುಗಿಸಿ ಆಕಾಶ ನೋಡಿದ.

"ನೀಲಿ" ಎಂದ.

ಮಧುಮತಿ ಹಣೆಗೆ ಕೈ ಹೊಡೆದುಕೊಂಡ ಸದ್ದು ಕೇಳಿಸಿತು.

ಟೆರೇಸ್ ನಗೆಯಲ್ಲಿ ಮುಳುಗಿತು. ರವಿ ನಗಲಿಲ್ಲ. "ಒಂದ್ ಮ್ಯಾಚಾದ್ರೂ ನೋಡಿದೀಯಾ? ನಿಜ ಹೇಳು."

ಶರಣ್ ಎದ್ದು ನಿಂತ. "ಇಲ್ಲ. ಒಂದೂ ನೋಡಿಲ್ಲ. ನಮ್ಮ ರೂಮಿನಾಗ ಟಿವಿನೇ ಇಲ್ಲ."

ಹೇಳಿದ ಮೇಲೆ ಅವನಿಗೆ ಆಶ್ಚರ್ಯವಾಯಿತು. ನಾಚಿಕೆಗಿಂತ ಮೊದಲು ಬಂದದ್ದು ನಿರಾಳ. ಹಸಿವೂ ಆಯಿತು. ಚಪ್ಪಲಿ ಹುಡುಕತೊಡಗಿದ.

"ಸರಿ, ಮಧು, ನಿಂಗೆ ಹನಮಂತನ್ನ ಕೊಡ್ತೀನಿ. ಫಸ್ಟ್ ಸರದಿ ನಿಂದೇ" ಎಂದ ರವಿ. ಜಾಗ ಸಿಗುವ ಆಸೆಯಲ್ಲಿ ಬಂದಿದ್ದ ಹನಮಂತ ಆಗಲೇ ಚಾಪೆಯ ಮೇಲೆ ಒಂದು ಮಂಡಿ ಊರಿದ್ದ.

"ನಂಗೆ ಹನಮಂತ ಬೇಡ."

"ರೂಲ್ ಅಂದ್ರೆ ರೂಲ್ ಕಣೇ."

"ನಿನ್ ರೂಲ್ ಎಷ್ಟಕ್ಕೆ ಬಗ್ಗುತ್ತೆ ಅಂತ ನಂಗೊತ್ತು. ನಮ್ಮ ಫಸ್ಟ್ ಸರದಿ ನೀನ್ ತಗೋ. ನಿನ್ನ ಎಂಟನೇದು ನಮಗೆ ಕೊಡು. ಶರಣ್ ಇರ್ತಾರೆ."

ಹನಮಂತ ಊರಿದ್ದ ಮಂಡಿಯನ್ನು ಎತ್ತಿಕೊಂಡ.

"ಹೆನ್ರಿ ಹೋಗ್ತಾನೆ" ಎಂದ ರವಿ, ನಂಬಲಾಗದೆ.

"ಹೋಗ್ಲಿ."

ರವಿ ಒಂದು ಉಸಿರು ಕೂಡ ಕಾಯಲಿಲ್ಲ. "ಹೆನ್ರಿ!" ಎಂದು ಕೂಗಿದ.

ಡ್ರಾಫ್ಟ್ ಮುಗಿದು ಎಲ್ಲರೂ ಚಿತ್ರಾನ್ನಕ್ಕೆ ಕೆಳಗಿಳಿದರು. ಶರಣ್ ನೀರಿನ ಟ್ಯಾಂಕಿನ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದ. ಎದುರು ನಿಂತು ಮಧುಮತಿ ಚಾಪೆ ಮಡಿಸುತ್ತಿದ್ದಳು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಕ್ಯಾಂಟೀನಲ್ಲೇ ಗೊತ್ತಾಯ್ತು. ಅದರ ಹಿಂದಿನ ದಿನ ಚಾರ್ಲ್ಟನ್ ನಾಲ್ಕು ಗೋಲಲ್ಲಿ ಸೋತಿತ್ತು. ನೀವು ನಗ್ತಾ ನಗ್ತಾ ಇನ್ನೆರಡು ಚಪಾತಿ ಹಾಕಿಸ್ಕೊಂಡ್ರಿ. ಟೀಮ್ ಸೋತೋನು ಯಾರಾದ್ರೂ ಹಾಗೆ ತಿಂತಾನಾ? ನಮ್ಮಪ್ಪ ಮೊಸರನ್ನಾನೂ ಮುಟ್ಟಲ್ಲ."

"ಮತ್ತ ಜೋಡಿಗೆ ಯಾಕ ತಗೊಂಡ್ರಿ?"

"ಫುಟ್ಬಾಲ್ ಗೊತ್ತಿರೋರು ಆಫೀಸ್ ತುಂಬ ಇದಾರೆ. ನನ್ನ ಜೊತೆ ಮಾತಾಡೋಕೆ ಚಾರ್ಲ್ಟನ್ ಅಂದೋನು ಒಬ್ಬನೇ." ಅವಳು ಚಾಪೆಯನ್ನು ಗೋಡೆಗೆ ಒರಗಿಸಿದಳು. "ಮೂರು ಸಲ ಎಳೆದೆ ಕಣ್ರೀ ದುಪಟ್ಟಾ. ಮೂರು ಸಲ. ಇನ್ನೇನು ಕೈಗೆ ಕೊಡಬೇಕಿತ್ತಾ?"

"ನೋಡಬಾರದಂತ..."

"ಗೊತ್ತು."

ಅವನು ತಲೆ ತಗ್ಗಿಸಿದ. ಹೇಳಬೇಕಾದ ಇನ್ನೊಂದು ಮಾತು ಉಳಿದಿತ್ತು. ಒಂದು ಸುಳ್ಳನ್ನು ಒಪ್ಪಿಕೊಂಡಾಗಿತ್ತು, ಈ ನಿಜ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು.

ಅವಳ ಹೆಜ್ಜೆ ಸದ್ದು ಅವನನ್ನು ಬಳಸಿ ಹಿಂದೆ ಹೋಯಿತು. ಭುಜಗಳ ನಡುವೆ ಒಂದು ಅಂಗೈ ಬಂದು ಕೂತಿತು. ಬೆಚ್ಚಗಿತ್ತು.

"ಖೋ" ಎಂದಳು.

ಶರಣ್ ಎದ್ದ. ತಿರುಗಿದ.

"ನೀವಂದ್ರ ನನಗ ಇಷ್ಟ. ಇದನ್ನ ಪೇಪರ್ ಓದ್ಕೊಂಡು ಹೇಳ್ತಿಲ್ಲ."

"ಜರ್ಸಿ ಯಾವ ಬಣ್ಣ?"

ಈ ಸಲ ಅವನು ದುಪಟ್ಟಾವನ್ನು ಧೈರ್ಯವಾಗಿ ನೋಡಿದ. "ಕೆಂಪು."

"ಪಾಸ್" ಎಂದಳು. ಕೆಳತುಟಿ ಹಲ್ಲಿನಡಿಗೆ ಹೋಗಿ ಜಾರಿತು. "ಭಾನುವಾರ ಮನೆಗೆ ಬಾ. ನಮ್ಮಪ್ಪನ ಜೊತೆ ಕೂತು ಮ್ಯಾಚ್ ನೋಡು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು, ಅವರೇ ಹೇಳ್ಕೊಡ್ತಾರೆ."

ಅವಳು ಮೊದಲ ಸಲ "ಬಾ" ಎಂದಿದ್ದಳು. ಕೆಳಗಿನಿಂದ ಅಮ್ಮಣ್ಣಿ "ಚಿತ್ರಾನ್ನ ಆರೋಗ್ತಿದೆ, ಬನ್ರೋ" ಎಂದು ಕೂಗುತ್ತಿದ್ದರು.

ಅವಳ ತಂದೆ ಸಂಜೀವಯ್ಯ ಶರಣ್‌ಗೆ ಆಫ್‌ಸೈಡ್ ಕಲಿಸಲು ಊಟದ ಮೇಜಿನ ಉಪ್ಪಿನಕಾಯಿ ಬಾಟಲಿಗಳನ್ನು ಬಳಸಿದರು. ಡಿಸೆಂಬರ್ ಹೊತ್ತಿಗೆ ಅವನು ಟಿವಿಗೆ ಬೈಯಲು ಕಲಿತ. ಅದನ್ನು ಕೇಳಿ ಅವರು ಒಳಗೆ ಹೋಗಿ ಹೆಂಡತಿಯ ಹತ್ತಿರ "ಹುಡುಗ ಪರವಾಗಿಲ್ಲ" ಎಂದರಂತೆ.

ಹೆನ್ರಿ ಆ ಸೀಸನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮ್ಯಾಚ್ ಆಡಲಿಲ್ಲ. ಅದರಿಂದ ಇವರಿಗೆ ಲಾಭವೇನೂ ಆಗಲಿಲ್ಲ, ಎಂಟರಲ್ಲಿ ಏಳನೆಯವರಾದರು. ಮುಂದಿನ ಮೇ ತಿಂಗಳಲ್ಲಿ ಚಾರ್ಲ್ಟನ್ ಸೋತು ಇಂಗ್ಲೆಂಡಿನ ದೊಡ್ಡ ಲೀಗಿನಿಂದಲೇ ಕೆಳದರ್ಜೆಗೆ ಬಿತ್ತು. ಮರುದಿನ ಕ್ಯಾಂಟೀನಿನಲ್ಲಿ ಚಪಾತಿ ಬಡಿಸುವವನು ಬಂದಾಗ ಶರಣ್ ತಟ್ಟೆಗೆ ಕೈ ಅಡ್ಡ ಹಿಡಿದ. ಎದುರು ಕೂತ ಮಧುಮತಿ ಅವನನ್ನು ನೋಡಿದಳು. ಅವರಿಬ್ಬರ ಮದುವೆಗೆ ಇನ್ನು ಹದಿನೈದು ದಿನ ಇತ್ತು. ಅವಳು ನಗಲಿಲ್ಲ.

ಒಟ್ಟು ಹೋದದ್ದು ಇಷ್ಟು: ಒಂದು ಮೊದಲ ಸರದಿ, ಒಬ್ಬ ಹೆನ್ರಿ, ಒಂದು ಟೀಮು, ಎರಡು ಚಪಾತಿ.